ಗಿಡದ ಸಾರ ಕ್ಯಾನ್ಸರ್ ಕೋಶವನ್ನು ಕೊಂದಿತು ಎಂದರೆ ಏನರ್ಥ?

‘ಲಕ್ಷ್ಮಣ ಫಲ ಕೀಮೋಥೆರಪಿಗಿಂತ 10,000 ಪಟ್ಟು ಪ್ರಬಲ’ ಎಂಬ ಸಂದೇಶ ಕನ್ನಡಿಗರ ಮೊಬೈಲುಗಳಲ್ಲಿ ಎಷ್ಟು ಸಲ ಸುತ್ತು ಹಾಕಿದೆಯೋ ಲೆಕ್ಕವಿಲ್ಲ. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದ ವಾರದೊಳಗೆ ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಅದು ಬಂದು ಬೀಳುತ್ತದೆ. ಬೆಂಗಳೂರಿನ ನರ್ಸರಿಗಳಲ್ಲಿ ಇದರ ಸಸಿ ಸಿಗುತ್ತದೆ, ಒಣ ಎಲೆಯೂ ಪುಡಿಯೂ ಮನೆ ಬಾಗಿಲಿಗೇ ಬರುತ್ತವೆ. ನಾಡಿನ ಮೂಲೆಮೂಲೆಯಿಂದ ಬಂದು ಕಿದ್ವಾಯಿ ಆಸ್ಪತ್ರೆಯ ಆವರಣದಲ್ಲಿ ಸರದಿಗಾಗಿ ಕಾಯುವ ಕುಟುಂಬಗಳ ಮಾತಿನಲ್ಲೂ ಈ ಹಣ್ಣಿನ ಹೆಸರು ಕೇಳಿಬರುವುದುಂಟು. ಕಷ್ಟದಲ್ಲಿರುವವರು ಕೈಗೆ ಸಿಕ್ಕ ಭರವಸೆಯನ್ನು ಹಿಡಿದುಕೊಳ್ಳುವುದರಲ್ಲಿ ತಪ್ಪಿಲ್ಲ. ಅವರಿಗೆ ಅರ್ಧ ಸತ್ಯವನ್ನು ದಾಟಿಸುವವರ ಮೇಲೆ ನನಗೆ ಸಿಟ್ಟಿದೆ.

ಅರ್ಧ ಸತ್ಯ ಎಂದೆ, ಏಕೆಂದರೆ ಆ 10,000 ಎಂಬ ಸಂಖ್ಯೆ ಯಾರೋ ಕಟ್ಟಿದ ಕತೆಯಲ್ಲ. 1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಲಕ್ಷ್ಮಣ ಫಲದ ಬೀಜದಿಂದ ಕೆಲವು ರಾಸಾಯನಿಕಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಸಿಸ್-ಅನೋನಾಸಿನ್ ಎಂಬ ಒಂದು ವಸ್ತು, ಎಚ್‌ಟಿ-29 ಎಂಬ ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದರಲ್ಲಿ ಅಡ್ರಿಯಾಮೈಸಿನ್ ಎಂಬ ಔಷಧಕ್ಕಿಂತ 10,000 ಪಟ್ಟು ತೀಕ್ಷ್ಣವೆಂದು ಅವರ ಪ್ರಬಂಧ ಹೇಳಿತು. ಅಲ್ಲಿಂದ ಮೊಬೈಲಿಗೆ ಬರುವ ದಾರಿಯಲ್ಲಿ ಒಂದೊಂದೇ ಮಾತು ಉದುರಿಹೋಯಿತು. ಬೀಜ ಎಂಬುದು ಹೋಗಿ ಹಣ್ಣು ಆಯಿತು. ಬೇರ್ಪಡಿಸಿದ ಶುದ್ಧ ವಸ್ತು ಎಂಬುದು ಹೋಗಿ ಎಲೆಯ ಕಷಾಯ ಆಯಿತು. ಒಂದು ಬಗೆಯ ಕೋಶ ಎಂಬುದು ಹೋಗಿ ಎಲ್ಲ ಕ್ಯಾನ್ಸರ್ ಆಯಿತು. ಹೋಲಿಕೆಗೆ ಇಟ್ಟುಕೊಂಡ ಅಡ್ರಿಯಾಮೈಸಿನ್ ದೊಡ್ಡಕರುಳಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ ಔಷಧವೇ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದೆಲ್ಲ ನಡೆದದ್ದು ಪ್ರಯೋಗಾಲಯದ ಪ್ಲಾಸ್ಟಿಕ್ ತಟ್ಟೆಯಲ್ಲಿ ಎಂಬ ಸಂಗತಿಯೇ ಕಾಣೆಯಾಯಿತು.

ಆ ತಟ್ಟೆಯಲ್ಲಿ ನಡೆಯುವುದೇನು ಎಂಬುದನ್ನು ಹತ್ತಿರದಿಂದ ನೋಡಿದರೆ ಅರ್ಧ ಗೊಂದಲ ಕರಗುತ್ತದೆ. ಅಂಗೈಯಗಲದ ಒಂದು ತಟ್ಟೆ, ಅದರಲ್ಲಿ 96 ಸಣ್ಣ ಗುಳಿಗಳು. ಪ್ರತಿ ಗುಳಿಗೂ ಪೋಷಕ ದ್ರವದ ಜೊತೆ ಕೆಲವು ಸಾವಿರ ಕ್ಯಾನ್ಸರ್ ಕೋಶಗಳನ್ನು ಬಿಡುತ್ತಾರೆ. ಈ ಕೋಶಗಳು ಎಂದೋ ಯಾವುದೋ ರೋಗಿಯ ಗಡ್ಡೆಯಿಂದ ತೆಗೆದು, ಅಂದಿನಿಂದ ಗಾಜಿನಲ್ಲೂ ಪ್ಲಾಸ್ಟಿಕ್‌ನಲ್ಲೂ ಬೆಳೆಸಿಕೊಂಡು ಬಂದ ಸಂತತಿ. ಹೆಸರಾಂತ ಹೀಲಾ ಕೋಶಗಳು 1951ರಿಂದ ಹೀಗೆ ಬದುಕಿವೆ. 37 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಬಿಟ್ಟರೆ ಅವು ತಳಕ್ಕೆ ಅಂಟಿಕೊಂಡು ಬೆಳೆಯತೊಡಗುತ್ತವೆ. ಮರುದಿನ ಒಂದು ಸಾಲಿಗೆ ಹೆಚ್ಚು, ಮುಂದಿನದಕ್ಕೆ ಕಡಿಮೆ, ಅದರ ಮುಂದಿನದಕ್ಕೆ ಇನ್ನೂ ಕಡಿಮೆ ಎಂಬಂತೆ ಗಿಡದ ಸಾರವನ್ನು ಹಾಕುತ್ತಾರೆ. ಎರಡು ದಿನ ಕಳೆದ ಮೇಲೆ ಎಂಟಿಟಿ ಎಂಬ ಹಳದಿ ವಸ್ತುವನ್ನು ಸೇರಿಸುತ್ತಾರೆ. ಜೀವಂತ ಕೋಶದೊಳಗಿನ ಕಿಣ್ವಗಳು ಅದನ್ನು ನೇರಳೆ ಬಣ್ಣದ ಹರಳಾಗಿ ಬದಲಿಸುತ್ತವೆ. ಸೂಕ್ಷ್ಮದರ್ಶಕದಲ್ಲಿ ಆ ಹರಳುಗಳು ಕೋಶಗಳ ಮೇಲೆ ಎದ್ದ ನೇರಳೆ ಸೂಜಿಗಳಂತೆ ಕಾಣುತ್ತವೆ. ಹರಳನ್ನು ಕರಗಿಸಿ ಬಣ್ಣದ ಗಾಢತೆಯನ್ನು ಯಂತ್ರದಲ್ಲಿ ಅಳೆಯುತ್ತಾರೆ. ನೇರಳೆ ಗಾಢವಾಗಿದ್ದರೆ ಕೋಶಗಳು ಬದುಕಿವೆ. ತಿಳಿಯಾಗಿದ್ದರೆ ಸತ್ತಿವೆ, ಇಲ್ಲವೇ ಬೆಳವಣಿಗೆ ನಿಂತಿದೆ. ಅರ್ಧದಷ್ಟು ಕೋಶಗಳನ್ನು ಅಡಗಿಸಲು ಬೇಕಾದ ಸಾಂದ್ರತೆಗೆ ಐಸಿ-50 ಎನ್ನುತ್ತಾರೆ. ಈ ಸಂಖ್ಯೆ ಚಿಕ್ಕದಾದಷ್ಟೂ ವಸ್ತು ತೀಕ್ಷ್ಣ.

ಜೀವರಸಾಯನ ಶಾಸ್ತ್ರದ ಎಷ್ಟೋ ವಿದ್ಯಾರ್ಥಿಗಳ ಸ್ನಾತಕೋತ್ತರ ಪ್ರಬಂಧಕ್ಕೆ ಈ ಪರೀಕ್ಷೆಯೇ ಆಧಾರ. ಕಲಿಯಲು ಒಳ್ಳೆಯ ಪರೀಕ್ಷೆ, ಖರ್ಚೂ ಕಡಿಮೆ. ಆದರೆ ಇದರಲ್ಲಿ ಎಡವಲು ಜಾಗಗಳಿವೆ. ಗಿಡದ ಸಾರದಲ್ಲಿರುವ ಕೆಲವು ಪಾಲಿಫಿನಾಲ್‌ಗಳು ಕೋಶವೇ ಇಲ್ಲದ ಗುಳಿಯಲ್ಲೂ ಹಳದಿಯನ್ನು ನೇರಳೆ ಮಾಡಿಬಿಡುತ್ತವೆ. ಸಾರಕ್ಕೆ ತನ್ನದೇ ಕಡುಬಣ್ಣವಿದ್ದರೆ ಯಂತ್ರ ಮೋಸ ಹೋಗುತ್ತದೆ. ಕೋಶವಿಲ್ಲದ ಗುಳಿಗಳನ್ನೂ ಇಟ್ಟು ತಾಳೆ ನೋಡದ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಪರೀಕ್ಷೆ ಸರಿಯಾಗಿಯೇ ನಡೆಯಿತು ಎಂದುಕೊಳ್ಳೋಣ. ಒಂದು ಎಲೆಯ ಸಾರದ ಐಸಿ-50 ಮಿಲಿಲೀಟರಿಗೆ 100 ಮೈಕ್ರೊಗ್ರಾಂ ಎಂದು ಬಂತು. ಇಂಥ ಫಲಿತಾಂಶಗಳು ಧಾರಾಳವಾಗಿ ಪ್ರಕಟವಾಗುತ್ತವೆ. ಇದನ್ನು ಮನುಷ್ಯನ ದೇಹಕ್ಕೆ ಲೆಕ್ಕ ಹಾಕಿ ನೋಡಿ. ವಯಸ್ಕರ ಮೈಯಲ್ಲಿ ಸುಮಾರು 40 ಲೀಟರ್ ನೀರಿದೆ. ಅಷ್ಟರಲ್ಲೂ ಆ ಸಾಂದ್ರತೆ ಬರಬೇಕಾದರೆ 4 ಗ್ರಾಂ ಸಾರ, ಅಂದರೆ 4,000 ಮಿಲಿಗ್ರಾಂ, ಜೀರ್ಣವಾಗದೆ, ಯಕೃತ್ತಿನಲ್ಲಿ ಒಡೆಯದೆ, ಮೂತ್ರದಲ್ಲಿ ಹೋಗದೆ ಎರಡು ದಿನ ಹಾಗೆಯೇ ಉಳಿದಿರಬೇಕು. ಹಾಗೆ ಉಳಿಯುವುದಿಲ್ಲ. ಇದರ ಪಕ್ಕದಲ್ಲಿ ವಿಂಕ್ರಿಸ್ಟೀನ್ ಎಂಬ ಔಷಧವನ್ನು ಇಡಿ. ಅದೂ ಗಿಡದಿಂದಲೇ ಬಂದದ್ದು. ವಯಸ್ಕರಿಗೆ ಒಂದು ಬಾರಿಗೆ ಕೊಡುವ ಪ್ರಮಾಣವನ್ನು ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ನಾಲ್ಕು ಸಾವಿರ ಎಲ್ಲಿ, ಎರಡು ಎಲ್ಲಿ! ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಶುದ್ಧೀಕರಿಸದ ಸಾರಗಳಿಗೆ ಮಿಲಿಲೀಟರಿಗೆ 20 ಮೈಕ್ರೊಗ್ರಾಂ, ಶುದ್ಧ ವಸ್ತುಗಳಿಗೆ 4 ಮೈಕ್ರೊಗ್ರಾಂ ಎಂದು ಐಸಿ-50ಕ್ಕೆ ಮೇಲಿನ ಗಡಿಯನ್ನು ಹಾಕಿಕೊಂಡದ್ದು ಇದೇ ಕಾರಣಕ್ಕೆ.

ಎರಡನೆಯ ಪ್ರಶ್ನೆ ಇನ್ನೂ ಕಠಿಣ: ಆ ಸಾರ ಕ್ಯಾನ್ಸರ್ ಕೋಶವನ್ನು ಮಾತ್ರ ಕೊಂದಿತೋ, ಪಕ್ಕದ ಆರೋಗ್ಯವಂತ ಕೋಶವನ್ನೂ ಕೊಂದಿತೋ? ತಟ್ಟೆಯಲ್ಲಿ ಕೋಶವನ್ನು ಕೊಲ್ಲುವುದು ದೊಡ್ಡ ಮಾತಲ್ಲ. ಸೋಪಿನ ನೀರಿಗೂ ಅದು ಸಾಧ್ಯ. ಲಕ್ಷ್ಮಣ ಫಲದ ಅಸಿಟೊಜೆನಿನ್‌ಗಳು, ಅಂದರೆ ಸಿಸ್-ಅನೋನಾಸಿನ್ ಸೇರಿದ ಗುಂಪಿನ ವಸ್ತುಗಳು, ಕೋಶದ ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಾಗುವ ಸರಪಳಿಯ ಮೊದಲ ಕೊಂಡಿಯನ್ನು ತಡೆಯುತ್ತವೆ. ಮೈಟೊಕಾಂಡ್ರಿಯಾ ಕ್ಯಾನ್ಸರ್ ಕೋಶದ ಸ್ವತ್ತಲ್ಲ, ನರಕೋಶಕ್ಕೂ ಅದೇ ಆಸರೆ. ಕೆರಿಬಿಯನ್ ದ್ವೀಪವಾದ ಗ್ವಾಡೆಲೂಪ್‌ನಲ್ಲಿ ಈ ಹಣ್ಣನ್ನೂ ಇದರ ಎಲೆಯ ಕಷಾಯವನ್ನೂ ಹೆಚ್ಚು ಸೇವಿಸುತ್ತಿದ್ದವರಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ, ಆದರೆ ಅದರ ಮಾಮೂಲಿ ಔಷಧಕ್ಕೆ ಬಗ್ಗದ ಒಂದು ನರರೋಗ ಹೆಚ್ಚಾಗಿ ಕಾಣುತ್ತಿದೆ ಎಂದು 1999ರಲ್ಲಿ ವರದಿಯಾಯಿತು. ಆಗೊಮ್ಮೆ ಈಗೊಮ್ಮೆ ಹಣ್ಣು ತಿಂದರೆ ಭಯಪಡಬೇಕಿಲ್ಲ. ಔಷಧವೆಂದು ನಂಬಿ ದಿನವೂ ಎಲೆ ಕುದಿಸಿ ಕುಡಿಯುವುದು ಬೇರೆಯೇ ವಿಷಯ. ಕ್ಯಾನ್ಸರ್ ರೋಗಿಗಳಲ್ಲಿ ಇದು ಚಿಕಿತ್ಸೆಯಾಗಿ ಕೆಲಸ ಮಾಡುತ್ತದೆಂದು ಇದುವರೆಗೆ ಸಾಬೀತಾಗಿಲ್ಲ.

ಹಾಗಾದರೆ ಗಿಡಮೂಲಿಕೆಗಳೆಲ್ಲ ಬರೀ ಬೊಗಳೆಯೇ? ಖಂಡಿತ ಅಲ್ಲ. ಕೀಮೋಥೆರಪಿ ವಾರ್ಡಿನ ಡ್ರಿಪ್ ಬಾಟಲಿಗಳಲ್ಲಿ ಗಿಡಗಳೇ ಇವೆ.

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಕಾಂಪೌಂಡಿನ ಬದಿಯಲ್ಲಿ, ಯಾರೂ ನೀರು ಹಾಕದ ಗೋಡೆಯ ಬಿರುಕಿನಲ್ಲೂ ಅರಳಿ ನಿಲ್ಲುವ ನಿತ್ಯಪುಷ್ಪವನ್ನು ನೋಡದವರಿಲ್ಲ. ಮಡಗಾಸ್ಕರ್‌ನಿಂದ ಬಂದು ನಮ್ಮ ಪೂಜೆಯ ಬುಟ್ಟಿಗೂ ಸೇರಿಕೊಂಡ ಹೂವು. ಜಮೈಕಾದಲ್ಲಿ ಇದರ ಎಲೆಯನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಅಲ್ಲಿಂದ 1952ರಲ್ಲಿ ಕೆನಡಾದ ವೈದ್ಯರೊಬ್ಬರಿಗೆ ಅಂಚೆಯಲ್ಲಿ ಎಲೆಗಳು ಬಂದವು. ಅವರು ಅವನ್ನು ತಮ್ಮ ಸೋದರ ರಾಬರ್ಟ್ ನೋಬಲ್ ಅವರಿಗೆ ಕೊಟ್ಟರು. ನೋಬಲ್ ಇಲಿಗಳ ಮೇಲೆ ಪರೀಕ್ಷಿಸಿದಾಗ ರಕ್ತದ ಸಕ್ಕರೆ ಇಳಿಯಲೇ ಇಲ್ಲ. ಬದಲಿಗೆ, ಸಾರವನ್ನು ಚುಚ್ಚಿಸಿಕೊಂಡ ಇಲಿಗಳು ಸೋಂಕಿನಿಂದ ಸಾಯತೊಡಗಿದವು. ಏಕೆಂದು ನೋಡಿದರೆ ಅವುಗಳ ಬಿಳಿ ರಕ್ತಕಣಗಳು ಕುಸಿದಿದ್ದವು. ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುವ ಕಾಯಿಲೆ ಲ್ಯುಕೇಮಿಯಾ ಅಲ್ಲವೇ? ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಆ ಎಲೆಯಿಂದ ವಿನ್‌ಬ್ಲಾಸ್ಟೀನ್ ಬೇರ್ಪಡಿಸಿ 1958ರಲ್ಲಿ ಪ್ರಕಟಿಸಿದರು. ಅದರ ಬಂಧುವಾದ ವಿಂಕ್ರಿಸ್ಟೀನ್‌ಗೆ ಅಮೆರಿಕದಲ್ಲಿ 1963ರಲ್ಲಿ ಒಪ್ಪಿಗೆ ಸಿಕ್ಕಿತು. ಮಕ್ಕಳ ಲ್ಯುಕೇಮಿಯಾಕ್ಕೆ ಕೊಡುವ ಔಷಧಗಳ ಕೂಟದಲ್ಲಿ ಇಂದಿಗೂ ಅದು ಇದ್ದೇ ಇರುತ್ತದೆ.

ಇದು ಕೋಶದೊಳಗೆ ಮಾಡುವ ಕೆಲಸವನ್ನು ಹೇಳಬೇಕು. ಕೋಶ ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯಲು ಮೈಕ್ರೊಟ್ಯೂಬ್ಯೂಲ್ ಎಂಬ ಸೂಕ್ಷ್ಮ ಕೊಳವೆಗಳು ಏಳುತ್ತವೆ. ಬೆಂಗಳೂರಿನಲ್ಲಿ ಕಟ್ಟಡ ಏಳುವಾಗ ಸುತ್ತ ಕಟ್ಟುವ ಸಾರುವೆಯಂತೆ ಇವೂ ಕೆಲಸಕ್ಕೆ ಬೇಕಾದಾಗ ಏಳಬೇಕು, ಕೆಲಸ ಮುಗಿದಾಗ ಬಿಚ್ಚಿಕೊಳ್ಳಬೇಕು. ವಿಂಕ್ರಿಸ್ಟೀನ್ ಸಾರುವೆ ಏಳಲು ಬಿಡುವುದಿಲ್ಲ. ಪೆಸಿಫಿಕ್ ಯೂ ಎಂಬ ಮರದ ತೊಗಟೆಯಿಂದ ಬಂದ ಪ್ಯಾಕ್ಲಿಟ್ಯಾಕ್ಸೆಲ್ ಇದಕ್ಕೆ ತದ್ವಿರುದ್ಧ: ಎದ್ದ ಸಾರುವೆಯನ್ನು ಬಿಚ್ಚಲು ಬಿಡುವುದಿಲ್ಲ. ಎರಡರಲ್ಲೂ ವಿಭಜನೆ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ. ಹಾಗೆ ಸಿಕ್ಕಿಬಿದ್ದ ಕೋಶದಲ್ಲಿ ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುವ ಯೋಜಿತ ಸಾವಿನ ಪ್ರಕ್ರಿಯೆ ಶುರುವಾಗುತ್ತದೆ. ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್-ಸಿ ಎಂಬ ಪ್ರೋಟೀನ್ ಸೋರುತ್ತದೆ, ಕ್ಯಾಸ್ಪೇಸ್ ಎಂಬ ಕತ್ತರಿ ಕಿಣ್ವಗಳು ಎಚ್ಚರಗೊಂಡು ಕೋಶವನ್ನು ಒಳಗಿನಿಂದಲೇ ತುಂಡರಿಸುತ್ತವೆ. ಕ್ಯಾನ್ಸರ್ ಕೋಶ ಬಿಡುವಿಲ್ಲದೆ ವಿಭಜನೆಯಾಗುವುದರಿಂದ ಅದಕ್ಕೆ ಹೊಡೆತ ಹೆಚ್ಚು. ಕೂದಲ ಬುಡ, ಮೂಳೆಯ ಮಜ್ಜೆ, ಕರುಳಿನ ಒಳಪದರದ ಕೋಶಗಳೂ ಬೇಗ ಬೇಗ ವಿಭಜನೆಯಾಗುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ಪಡೆದವರ ಕೂದಲು ಉದುರುವುದು, ರಕ್ತಕಣ ಇಳಿಯುವುದು ಇದರಿಂದಲೇ. ನೋಬಲ್ ಅವರ ಇಲಿಗಳು ಸತ್ತದ್ದೂ ಇದೇ ಕಾರಣಕ್ಕೆ. ಸಕ್ಕರೆ ಕಾಯಿಲೆಗೆಂದು ಬೆಳಗಾದರೆ ನಿತ್ಯಪುಷ್ಪದ ಎಲೆ ಅಗಿಯುವವರು ಇದನ್ನು ಎರಡು ಸಲ ಓದಬೇಕು.

ಪ್ಯಾಕ್ಲಿಟ್ಯಾಕ್ಸೆಲ್‌ನ ಕತೆಯಲ್ಲಿ ಒಬ್ಬ ಭಾರತೀಯರಿದ್ದಾರೆ. ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ ಹುಟ್ಟಿದ ಮನ್ಸುಖ್ ವಾಣಿ, ಅಮೆರಿಕದಲ್ಲಿ ಮನ್ರೋ ವಾಲ್ ಜೊತೆ ಸೇರಿ ಇದರ ರಚನೆಯನ್ನು 1971ರಲ್ಲಿ ಬಿಡಿಸಿಟ್ಟರು. ತೊಗಟೆ ಸಂಗ್ರಹಿಸಿದ್ದು 1962ರಲ್ಲಿ. ಅದು ಕೋಶದಲ್ಲಿ ಏನು ಮಾಡುತ್ತದೆಂದು ಸೂಸನ್ ಹಾರ್ವಿಟ್ಜ್ ಕಂಡುಹಿಡಿದದ್ದು 1979ರಲ್ಲಿ. ಅಂಡಾಶಯದ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ತೊಗಟೆಯಿಂದ ರೋಗಿಯವರೆಗೆ ಮೂವತ್ತು ವರ್ಷ. 1960ರಿಂದ 1982ರವರೆಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಸ್ಯ ಶೋಧ ಕಾರ್ಯಕ್ರಮ ಒಂದು ಲಕ್ಷಕ್ಕೂ ಹೆಚ್ಚು ಸಸ್ಯಸಾರಗಳನ್ನು ಜರಡಿ ಹಿಡಿದಿತ್ತು. ಔಷಧವಾಗಿ ದಡ ಸೇರಿದವು ಬೆರಳೆಣಿಕೆಯಷ್ಟು.

ಅದೇ ವಾಲ್ ಮತ್ತು ವಾಣಿ 1966ರಲ್ಲಿ ಚೀನಾ ಮೂಲದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಪ್ರಕಟಿಸಿದ್ದರು. ಇಲ್ಲಿಂದ ಕತೆ ನಮ್ಮ ಕಾಡಿಗೆ ಬರುತ್ತದೆ. ಪಶ್ಚಿಮ ಘಟ್ಟದಲ್ಲಿ ದುರ್ವಾಸನೆ ಮರ ಎಂದು ಕರೆಯುವ ಒಂದು ಸಣ್ಣ ಮರವಿದೆ, ಸಸ್ಯಶಾಸ್ತ್ರದಲ್ಲಿ ನೋಥಾಪೊಡೈಟಿಸ್ ನಿಮ್ಮೋನಿಯಾನಾ. ಅದರಲ್ಲೂ ಕ್ಯಾಂಪ್ಟೊಥೆಸಿನ್ ಇದೆ, ಅದೂ ಒಳ್ಳೆಯ ಪ್ರಮಾಣದಲ್ಲಿದೆ ಎಂದು 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ತೋರಿಸಿದರು. ಆಗ ಅದಕ್ಕೆ ಔಷಧದ ಬೆಲೆ ಬಂದಿರಲಿಲ್ಲ. ರೋಗಿಗಳ ಮೇಲೆ ನಡೆದ ಮೊದಲ ಪ್ರಯೋಗಗಳಲ್ಲಿ ಮೂತ್ರಕೋಶದಿಂದ ರಕ್ತಸ್ರಾವದಂಥ ತೊಂದರೆಗಳು ಕಂಡು, ವಸ್ತು ಮೂಲೆ ಸೇರಿತ್ತು. 1985ರಲ್ಲಿ ಅದರ ಗುರಿ ಯಾವುದೆಂದು ಗೊತ್ತಾದ ಮೇಲೆ ದೃಶ್ಯವೇ ಬದಲಾಯಿತು.

ಆ ಗುರಿ ಟೋಪೊಐಸೊಮರೇಸ್-1 ಎಂಬ ಕಿಣ್ವ. ಒಂದೊಂದು ಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಸುರುಳಿಯಾಗಿ ಮಡಚಿಕೊಂಡಿದೆ. ಅದನ್ನು ನಕಲು ಮಾಡುವಾಗ ಮುಂದಿನ ಭಾಗ ಬಿಗಿಯಾಗಿ ತಿರುಚಿಕೊಳ್ಳುತ್ತದೆ. ಈ ಕಿಣ್ವ ಎರಡು ಎಳೆಗಳಲ್ಲಿ ಒಂದನ್ನು ಕತ್ತರಿಸಿ, ತಿರುಚನ್ನು ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಕತ್ತರಿಸಿದ ಜಾಗಕ್ಕೇ ಬಂದು ಕೂತು ಬೆಸುಗೆಯನ್ನು ತಡೆಯುತ್ತದೆ. ನಕಲು ಯಂತ್ರ ಅಲ್ಲಿಗೆ ಬಂದು ಡಿಕ್ಕಿ ಹೊಡೆದಾಗ ಡಿಎನ್‌ಎ ಪೂರ್ತಿ ತುಂಡಾಗುತ್ತದೆ, ಕೋಶ ಸಾಯುತ್ತದೆ. ಇದನ್ನು ತಿಳಿದ ಮೇಲೆ ರಸಾಯನ ವಿಜ್ಞಾನಿಗಳು ಅಣುವನ್ನು ನೀರಿನಲ್ಲಿ ಕರಗುವಂತೆ ತಿದ್ದಿ ಟೋಪೊಟೆಕಾನ್, ಇರಿನೊಟೆಕಾನ್ ಎಂಬ ಎರಡು ಔಷಧಗಳನ್ನು ತಯಾರಿಸಿದರು. 1996ರಲ್ಲಿ ಎರಡಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ದೊಡ್ಡಕರುಳಿನ ಕ್ಯಾನ್ಸರಿಗೆ ಇಂದು ಬಳಸುವ ಮುಖ್ಯ ಔಷಧಗಳಲ್ಲಿ ಇರಿನೊಟೆಕಾನ್ ಒಂದು.

ನನಗೆ ಬಹಳ ಹಿಡಿಸಿದ ಪ್ರಶ್ನೆ: ಮರಕ್ಕೂ ಡಿಎನ್‌ಎ ಇದೆ, ಅದೇ ಕಿಣ್ವವೂ ಇದೆ, ತಾನೇ ತಯಾರಿಸಿದ ವಿಷದಿಂದ ಅದು ಏಕೆ ಸಾಯುವುದಿಲ್ಲ? 2008ರಲ್ಲಿ ಉತ್ತರ ಸಿಕ್ಕಿತು. ಕ್ಯಾಂಪ್ಟೊಥೆಸಿನ್ ತಯಾರಿಸುವ ಸಸ್ಯಗಳಲ್ಲಿ ಆ ಕಿಣ್ವದ ಅಮೈನೊ ಆಮ್ಲಗಳು ಕೆಲವೆಡೆ ಬದಲಾಗಿವೆ. ಅವುಗಳಲ್ಲೊಂದು, ಈ ಔಷಧಕ್ಕೆ ಬಗ್ಗದ ಮನುಷ್ಯನ ಕ್ಯಾನ್ಸರ್ ಕೋಶಗಳಲ್ಲಿ ಮೊದಲೇ ಕಂಡಿದ್ದ ಬದಲಾವಣೆಯೇ ಆಗಿತ್ತು. ತನ್ನದೇ ವಿಷದಿಂದ ತಪ್ಪಿಸಿಕೊಳ್ಳಲು ಮರ ಹೂಡಿದ ಉಪಾಯವನ್ನೇ ಗಡ್ಡೆಯೂ ಕಂಡುಕೊಂಡಿತ್ತು.

ಬೇಡಿಕೆ ಏರಿದಂತೆ ಘಟ್ಟದ ದುರ್ವಾಸನೆ ಮರಗಳಿಗೆ ಕೊಡಲಿ ಬಿತ್ತು. ತೊಗಟೆಯಲ್ಲೂ ಬೇರಿನಲ್ಲೂ ವಸ್ತು ಇರುವುದರಿಂದ ಮರವನ್ನೇ ಬುಡಸಮೇತ ತೆಗೆದರು. ಆಗ ಕೆಲಸಕ್ಕಿಳಿದವರಲ್ಲಿ ನಮ್ಮ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರಿದ್ದರು, ಬೆಂಗಳೂರಿನದೇ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀಯವರಿದ್ದರು. ಘಟ್ಟದುದ್ದಕ್ಕೂ ಮರಗಳ ಮಾದರಿ ತಂದು ಅಳೆದಾಗ, ಒಂದೇ ಜಾತಿಯ ಮರಗಳಲ್ಲಿ ಕ್ಯಾಂಪ್ಟೊಥೆಸಿನ್ ಪ್ರಮಾಣಕ್ಕೆ ಭಾರೀ ಅಂತರ ಕಂಡಿತು. ಹೆಚ್ಚು ಇಳುವರಿಯ ಮರಗಳನ್ನು ಗುರುತಿಸಿ ಬೆಳೆಸಿದರೆ ಕಾಡು ಉಳಿಯುತ್ತದೆ ಎಂಬುದು ಅದರ ಒಂದು ಲಾಭ. ನನಗೆ ಅದರಲ್ಲಿ ಇನ್ನೊಂದು ಪಾಠವೂ ಕಾಣುತ್ತದೆ. ಒಂದು ಮರಕ್ಕೂ ಇನ್ನೊಂದಕ್ಕೂ ಇಷ್ಟು ಅಂತರವಿರುವಾಗ, ‘ಒಂದು ಹಿಡಿ ಎಲೆ, ಎರಡು ಲೋಟ ನೀರು’ ಎಂಬ ಅಳತೆಯಲ್ಲಿ ರೋಗಿಗೆ ಎಷ್ಟು ಔಷಧ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಮರದ ಅಂಗಾಂಶದೊಳಗೆ ವಾಸಿಸುವ ಶಿಲೀಂಧ್ರಗಳನ್ನು ಬೇರ್ಪಡಿಸಿ ಬೆಳೆಸಿದಾಗ ಅವೂ ಈ ವಸ್ತುವನ್ನು ಉತ್ಪಾದಿಸುವುದನ್ನು ಇದೇ ವಿಜ್ಞಾನಿಗಳು ತೋರಿಸಿದರು. ಮರ ಕಡಿಯದೆ ತೊಟ್ಟಿಯಲ್ಲೇ ಔಷಧ ಬೆಳೆಯಬಹುದೇ ಎಂಬ ಆಸೆ ಚಿಗುರಿತು. ಆದರೆ ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ಹೋದಂತೆ ಉತ್ಪಾದನೆ ಇಳಿಯುತ್ತ ಬಂತು. ನಿತ್ಯಪುಷ್ಪದ ವಿಷಯದಲ್ಲಿ ಇನ್ನೊಂದು ದಾರಿ ತೆರೆದಿದೆ. ಅದರ ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು. 2022ರಲ್ಲಿ ವಿಜ್ಞಾನಿಗಳು ಗಿಡದ ಜೀನ್‌ಗಳನ್ನು ಯೀಸ್ಟ್‌ಗೆ ಸೇರಿಸಿ ವಿನ್‌ಬ್ಲಾಸ್ಟೀನ್‌ನ ಎರಡು ಪೂರ್ವವಸ್ತುಗಳನ್ನು ಅದರಿಂದಲೇ ಮಾಡಿಸಿದರು.

ಅರಿಶಿನದ ಬಗ್ಗೆ ಹೇಳದಿದ್ದರೆ ಓದುಗರು ಬಿಡುವುದಿಲ್ಲ. ಅದರ ಕರ್ಕ್ಯುಮಿನ್ ತಟ್ಟೆಯಲ್ಲಿ ಎಷ್ಟೋ ಬಗೆಯ ಕ್ಯಾನ್ಸರ್ ಕೋಶಗಳನ್ನು ಅಡಗಿಸಿದೆ. ಆದರೆ ಬಾಯಲ್ಲಿ ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 8 ಗ್ರಾಂ ಕೊಟ್ಟ ಪ್ರಯೋಗದಲ್ಲಿ ರಕ್ತದಲ್ಲಿ ಸಿಕ್ಕಿದ್ದು ಮಿಲಿಲೀಟರಿಗೆ 22ರಿಂದ 41 ನ್ಯಾನೊಗ್ರಾಂ. ತಟ್ಟೆಯ ಪ್ರಯೋಗಗಳಲ್ಲಿ ಬಳಸುವ ಪ್ರಮಾಣಕ್ಕೆ ಹೋಲಿಸಿದರೆ ಇದು ನೂರರಲ್ಲಿ ಒಂದು ಪಾಲಿನ ಆಸುಪಾಸು. ಒಬ್ಬಿಬ್ಬರಲ್ಲಿ ಪರಿಣಾಮದ ಸುಳಿವು ಕಂಡಿತಾದರೂ ಅದು ಚಿಕಿತ್ಸೆ ಎನಿಸಿಕೊಳ್ಳಲಿಲ್ಲ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಮೂರು ಪಾಲಿನಷ್ಟು. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಊಟಕ್ಕೆ ಒಳ್ಳೆಯದು, ಗಡ್ಡೆಯ ಬಳಿಗೆ ಅದು ತಲುಪುವುದಿಲ್ಲ.

ಗಿಡದ ಔಷಧವನ್ನು ಆಸ್ಪತ್ರೆಯ ಚಿಕಿತ್ಸೆಯ ಬದಲಿಗೆ ತೆಗೆದುಕೊಳ್ಳುವುದು ಮತ್ತು ಅದರ ಜೊತೆಗೆ ತೆಗೆದುಕೊಳ್ಳುವುದು, ಇವೆರಡರ ಅಪಾಯ ಬೇರೆ ಬೇರೆ. ಬದಲಿಗೆ ತೆಗೆದುಕೊಂಡವರ ಲೆಕ್ಕ 2018ರಲ್ಲಿ ಅಮೆರಿಕದಿಂದ ಬಂತು. ಗುಣಪಡಿಸಬಹುದಾದ ಹಂತದಲ್ಲಿದ್ದೂ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ಜನರಲ್ಲಿ ಸಾವಿನ ಅಪಾಯ, ಮಾಮೂಲಿ ಚಿಕಿತ್ಸೆ ಪಡೆದವರದ್ದಕ್ಕಿಂತ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್ ಇದ್ದವರಲ್ಲಿ ಅದು ಐದು ಪಟ್ಟಿಗೂ ಮೇಲು. ಬೇಗ ಬಂದಿದ್ದರೆ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯಬಹುದಾಗಿದ್ದ ಗಡ್ಡೆ ಕಷಾಯದ ಆರು ತಿಂಗಳಲ್ಲಿ ಹರಡಿಕೊಳ್ಳುವುದು ನಮ್ಮಲ್ಲೂ ಆಗದ ಸಂಗತಿಯಲ್ಲ.

ಜೊತೆಗೆ ತೆಗೆದುಕೊಳ್ಳುವವರು ಹೆಚ್ಚಾಗಿ ವೈದ್ಯರಿಗೆ ಹೇಳುವುದಿಲ್ಲ, ಬೈಸಿಕೊಳ್ಳುವ ಹೆದರಿಕೆ. ಹೇಳಲೇಬೇಕು ಎನ್ನುವುದಕ್ಕೆ ಇರಿನೊಟೆಕಾನ್‌ನದೇ ಉದಾಹರಣೆ ಇದೆ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆಯನ್ನು ಖಿನ್ನತೆಗೆಂದು ಪಾಶ್ಚಾತ್ಯರು ಅಂಗಡಿಯಿಂದ ನೇರ ಕೊಂಡು ನುಂಗುತ್ತಾರೆ. ಅದು ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ಕೆರಳಿಸುತ್ತದೆ. ಇರಿನೊಟೆಕಾನ್ ಪಡೆಯುತ್ತಿದ್ದ ರೋಗಿಗಳಿಗೆ ಇದನ್ನೂ ಕೊಟ್ಟು ನೋಡಿದಾಗ, ಗಡ್ಡೆಯನ್ನು ಕೊಲ್ಲುವ ಸಕ್ರಿಯ ರೂಪ ರಕ್ತದಲ್ಲಿ ಶೇಕಡ 42ರಷ್ಟು ಇಳಿದಿತ್ತು. ಡ್ರಿಪ್ ಸರಿಯಾಗಿ ಇಳಿದಿದೆ, ಬಿಲ್ ಪೂರ್ತಿ ಕಟ್ಟಿದೆ, ಔಷಧದ ಮುಕ್ಕಾಲು ಕೆಲಸವೂ ಆಗಿಲ್ಲ, ರೋಗಿಗೆ ಅದರ ಅರಿವೇ ಇಲ್ಲ. ಆದ್ದರಿಂದ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಕುಡಿಯುತ್ತಿರುವ ಪುಡಿಯ ಡಬ್ಬಿ, ಲೇಹ್ಯದ ಶೀಶೆ, ಒಣ ಎಲೆಯ ಪೊಟ್ಟಣ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವಾಗಿನಿಂದ ಶುರುಮಾಡಿದ್ದು, ದಿನಕ್ಕೆ ಎಷ್ಟು ಚಮಚ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಡ್ರಿಪ್ ಹಾಕುವ ಮೊದಲೇ ವೈದ್ಯರ ಕೈಗೆ ಕೊಡಿ.